ನಮ್ಮ ಹೆಸರಲ್ಲಿ ಗುಂಡು ಹಾರಿಸಬೇಡಿ

ಮಾನ್ಯ ಗೃಹ ಸಚಿವರಿಗೆ, ಮಾನ್ಯ ಕಾನೂನು ಸಚಿವರಿಗೆ, ಜೊತೆಗೆ ‘ಎನ್‌ಕೌಂಟರ್ ಮಾಡಿ ಬಿಸಾಕಿ’ ಎಂದು ಕೂಗುವ ನನ್ನ ಜನರಿಗೆ,

ನಮಸ್ಕಾರ.

ನಾನು ಭೀಮಾ ನದಿ ದಂಡೆಯ ಒಂದು ಹಳ್ಳಿಯವಳು. ಹೊಲಿಗೆ ಕೆಲಸ ಮಾಡುತ್ತೇನೆ. 2008ರಲ್ಲಿ ನನ್ನ ಅಣ್ಣನನ್ನು ಹೊಲದ ಬದುವಿನ ಮೇಲೆ ಕಡಿದು ಕೊಂದರು. ಒಂದು ಮೊಳ ಅಗಲದ ಬದು ಅದು. ಯಾರ ಕಡೆ ಎಷ್ಟು ಬರಬೇಕು ಅನ್ನೋದು ಜಗಳ. ಕೊಂದವರು ದೂರದವರಲ್ಲ. ಅವರ ಮನೆಯ ಮದುವೆಗೆ ನಾವು ಹೋಗಿದ್ದೆವು, ನಮ್ಮ ಮನೆಯ ಜಾತ್ರೆ ಊಟಕ್ಕೆ ಅವರು ಬರುತ್ತಿದ್ದರು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸೇಡಿನ ವಿರುದ್ಧ ಯಾರಾದರೂ ಮಾತಾಡಿದ ಕೂಡಲೇ ‘ನಿಮ್ಮ ಮನೆಯಲ್ಲಿ ಆಗಿದ್ದರೆ ಗೊತ್ತಾಗುತ್ತಿತ್ತು’ ಎಂಬ ಮಾತು ಬರುತ್ತದೆ. ನಮ್ಮ ಮನೆಯಲ್ಲಿ ಆಗಿದೆ.

ಈ ಪತ್ರ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬರೆಯಲೇಬೇಕು ಅನ್ನಿಸಿದ್ದು ಹುಬ್ಬಳ್ಳಿಯ ಘಟನೆ ಆದ ಮೇಲೆ. 2025ರ ಏಪ್ರಿಲ್ 13, ಭಾನುವಾರ. ಐದು ವರ್ಷದ ಕೂಸನ್ನು ಒಬ್ಬ ಎತ್ತಿಕೊಂಡು ಹೋಗಿ ಕೊಂದ ಎಂದು ಮೊದಲು ಸುದ್ದಿ ಬಂತು. ಅದೇ ದಿನ ಕತ್ತಲಾಗುವಷ್ಟರಲ್ಲಿ ಆರೋಪಿ ಪೊಲೀಸರ ಗುಂಡಿಗೆ ಸತ್ತ ಎಂಬ ಸುದ್ದಿಯೂ ಬಂತು. ಅವನು ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ಹೋದ, ಅದಕ್ಕೇ ಗುಂಡು ಹಾರಿಸಬೇಕಾಯಿತು ಎಂದು ಪೊಲೀಸರು ಹೇಳಿದರು. ಅಲ್ಲಿ ಏನು ನಡೆಯಿತು ಎಂದು ನಾನು ತೀರ್ಮಾನ ಹೇಳುವುದಿಲ್ಲ. ಅದು ತನಿಖೆ ಮಾಡುವವರ ಕೆಲಸ. ನನ್ನ ಮಾತು ಆಮೇಲೆ ನಮ್ಮ ಕೈಯಲ್ಲಿದ್ದ ಮೊಬೈಲುಗಳಲ್ಲಿ ಏನಾಯಿತು ಅನ್ನುವುದರ ಬಗ್ಗೆ. ನಮ್ಮ ಓಣಿಯ ಹೆಣ್ಣುಮಕ್ಕಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ತಾಸಿನೊಳಗೆ ನೂರಾರು ಚಪ್ಪಾಳೆ ಬಂದವು. ‘ನ್ಯಾಯ ಸಿಕ್ಕಿತು’ ಎಂದು ಬರೆದರು. ನಿಜ ಹೇಳಬೇಕೆಂದರೆ ಆ ಸುದ್ದಿ ಓದಿದಾಗ ನನ್ನ ಎದೆಯಲ್ಲೂ ಒಂದು ಗಳಿಗೆ ತಂಪೆನಿಸಿತು. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣ ಸತ್ತ ವರ್ಷ ನೆನಪಾಯಿತು.

ಆ ದಿನ ಅಣ್ಣ ಹೊಲಕ್ಕೆ ಹೋಗುವ ಮುಂಚೆ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದ. ಯಾರೋ ಕರೆದರು. ಅರ್ಧ ರೊಟ್ಟಿ ಬಿಟ್ಟು ‘ಬಂದು ಉಣ್ತೀನಿ’ ಎಂದು ಎದ್ದ. ಸಂಜೆ ಹೆಣ ಬಂತು. ಮಣ್ಣು ಕೊಟ್ಟು ಬಂದ ಮರುದಿನ ನಾನು ಪಾತ್ರೆ ತೊಳೆಯಲು ಕೂತಾಗ ಅವ್ವ ಓಡಿಬಂದು ಆ ಗಂಗಾಳ ಕಸಿದುಕೊಂಡಳು. ‘ತೊಳಿಬ್ಯಾಡ. ಸೇಡು ತೀರಲಿ, ಆಮ್ಯಾಲ ನಾನ ತೊಳೀತೀನಿ’ ಎಂದಳು. ಗೋಡೆಯ ಮಾಡದಲ್ಲಿ ಇಟ್ಟಳು. ಇರುವೆ ಬಂದವು, ರೊಟ್ಟಿ ಮುಗಿಯಿತು. ಪಲ್ಯದ ಕಲೆ ಒಣಗಿ ಕಪ್ಪಾಗಿ ತಟ್ಟೆಗೆ ಕಚ್ಚಿಕೊಂಡಿತು. ಅವ್ವ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಒಮ್ಮೆ ಅದರ ಕಡೆ ನೋಡುತ್ತಿದ್ದಳು.

ಮೂರನೇ ದಿನ ದೂರದ ಕಾಕಾ ಒಬ್ಬರು ಬಂದರು. ಟವೆಲಿನಲ್ಲಿ ಸುತ್ತಿದ್ದ ನಾಡ ಪಿಸ್ತೂಲನ್ನು ನನ್ನ ತಮ್ಮನ ಮುಂದೆ ಇಟ್ಟರು. ತಮ್ಮನಿಗೆ ಆಗ ಹತ್ತೊಂಬತ್ತು. ಕಾಕಾ ಹೆಚ್ಚು ಮಾತಾಡಲಿಲ್ಲ. ‘ಊರು ನಿನ್ನನ್ನ ನೋಡಾಕತ್ತೈತಿ’ ಅಂದರು, ಅಷ್ಟೇ. ನಮ್ಮ ಕಡೆ ಇಷ್ಟು ಮಾತು ಸಾಕು. ಚಹಾ ಅಂಗಡಿಯಲ್ಲಿ ಕೂತರೆ, ಹಿಟ್ಟಿನ ಗಿರಣಿಗೆ ಹೋದರೆ ಜನ ಏನೂ ಕೇಳುವುದಿಲ್ಲ. ಸುಮ್ನೆ ನೋಡುತ್ತಾರೆ. ಆ ನೋಟಕ್ಕೆ ಎಷ್ಟು ಹುಡುಗರು ಹಾಳಾಗಿದ್ದಾರೋ.

ಅವತ್ತೇ ರಾತ್ರಿ ಅವ್ವ ತಮ್ಮನನ್ನು ಪುಣೆಗೆ ಹೋಗುವ ಕೂಲಿಯವರ ಲಾರಿ ಹತ್ತಿಸಿದಳು. ಪಿಸ್ತೂಲನ್ನು ಕಾಕಾನಿಗೆ ವಾಪಸ್ ಕೊಟ್ಟಳು. ‘ಒಬ್ಬನ್ನ ಮಣ್ಣಿಗೆ ಕೊಟ್ಟೀನಿ. ಇನ್ನೊಬ್ಬನ್ನ ಜೇಲಿಗೆ ಕೊಡಂಗಿಲ್ಲ’ ಎಂದಳು. ಅವ್ವ ಸೇಡಿನ ಆಸೆ ಬಿಟ್ಟಳು ಅಂತ ತಿಳಿಯಬೇಡಿ. ಗಂಗಾಳ ಮಾಡದಲ್ಲೇ ಇತ್ತು.

ಸಚಿವರೇ, ನನ್ನ ಜನರೇ, ನೊಂದವರ ಮನೆಗೆ ಬಂದು ಎರಡು ಥರದವರು ಮಾತಾಡುತ್ತಾರೆ. ಕೆಲವರು ಕ್ಷಮಿಸಿಬಿಡಿ ಅನ್ನುತ್ತಾರೆ. ಸಿಟ್ಟು ನಮ್ಮನ್ನೇ ಸುಡುತ್ತದೆ, ದೇವರು ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ಇನ್ನು ಕೆಲವರು ಕೈಗೆ ಪಿಸ್ತೂಲು ಕೊಡುತ್ತಾರೆ, ಇಲ್ಲವೆ ಪೊಲೀಸರ ಕೈಯಲ್ಲಿ ಅದನ್ನು ಹಾರಿಸುತ್ತೇವೆ ಅನ್ನುತ್ತಾರೆ. ಮೊದಲನೆಯವರಿಗೆ ನನ್ನ ಉತ್ತರ ಇದು: ಸೇಡಿನ ಆಸೆಗೆ ನಾವು ನಾಚಿಕೊಳ್ಳಬೇಕಿಲ್ಲ. ಅಣ್ಣನನ್ನು ಕೊಂದವನು ಮರುದಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತರೆ ನನ್ನ ರಕ್ತ ಕುದಿಯಬೇಕು. ಕುದಿಯದಿದ್ದರೆ ಅಣ್ಣನ ಜೀವಕ್ಕೆ ಬೆಲೆ ಇರಲಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಆ ಸಿಟ್ಟು ಅಣ್ಣನ ಪರವಾಗಿ ಉಳಿದಿದ್ದ ಒಂದೇ ಸಾಕ್ಷಿ. ನಾನು ಇವತ್ತಿಗೂ ಆ ಮನೆಯವರನ್ನು ಕ್ಷಮಿಸಿಲ್ಲ. ಕ್ಷಮಿಸು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಎರಡನೆಯವರಿಗೆ ಹೇಳುವುದು ಬಹಳ ಇದೆ. ಈ ಪತ್ರ ಇರುವುದೇ ಅವರಿಗಾಗಿ.

ನಮ್ಮೂರಲ್ಲಿ ದೊಡ್ಡಾಟ ಆಡುತ್ತಿದ್ದರು. ಭೀಮ ದುಶ್ಯಾಸನನ ಎದೆ ಬಗೆದು ದ್ರೌಪದಿಯ ಮುಡಿ ಕಟ್ಟುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತಿತ್ತು. ನಿದ್ದೆಗಣ್ಣಿನ ಜನ ಎದ್ದು ಕೂತು ಸಿಳ್ಳೆ ಹಾಕುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಹಾಕಿದ್ದೇನೆ. ಆಟ ಅಲ್ಲಿಗೆ ಮುಗಿಯುತ್ತಿತ್ತು, ಮಂಗಳಾರತಿ ಆಗುತ್ತಿತ್ತು. ಆದರೆ ಭಾರತದ ಕಥೆ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಭೀಮ ದುರ್ಯೋಧನನ ತೊಡೆ ಮುರಿದ. ಅದೇ ರಾತ್ರಿ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿದ. ಮಲಗಿದ್ದ ಐದು ಮಕ್ಕಳನ್ನು ಕೊಂದ. ಮುಡಿ ಕಟ್ಟಿಕೊಂಡ ದ್ರೌಪದಿಯ ಐದೂ ಮಕ್ಕಳು. ಅವನದೂ ಸೇಡೇ ಆಗಿತ್ತು. ಅಪ್ಪನನ್ನು ಮೋಸದಿಂದ ಕೊಂದದ್ದಕ್ಕೆ. ಅವನ ಲೆಕ್ಕದಲ್ಲಿ ಅದೂ ನ್ಯಾಯವೇ. ಮುಂದೆ ಅರ್ಜುನ ಅವನನ್ನು ಕಟ್ಟಿ ಎಳೆದು ತಂದು ದ್ರೌಪದಿಯ ಮುಂದೆ ನಿಲ್ಲಿಸುತ್ತಾನೆ. ಅವಳು ಅವನನ್ನು ಬಿಡಿಸಿ ಎನ್ನುತ್ತಾಳೆ. ನಾನು ಅಳುತ್ತಿರುವ ಹಾಗೆ ಇವನ ತಾಯಿಯೂ ಅಳುವುದು ಬೇಡ ಎನ್ನುತ್ತಾಳೆ. ಭಾಗವತದಲ್ಲಿ ಬರುವ ಈ ಭಾಗವನ್ನು ಅಣ್ಣ ಸತ್ತ ಮೇಲೆ ಪುರಾಣ ಹೇಳುವ ಅಜ್ಜ ಒಬ್ಬರು ನಮ್ಮ ಮನೆಯ ಕಟ್ಟೆ ಮೇಲೆ ಕೂತು ಹೇಳಿದರು. ಅವ್ವ ಕೇಳಿದಳು. ಏನೂ ಅನ್ನದೆ ಎದ್ದು ಒಳಗೆ ಹೋದಳು. ನಾವು ಎಷ್ಟು ವರ್ಷ ಅರ್ಧ ಕಥೆಗೆ ಸಿಳ್ಳೆ ಹಾಕಿದ್ದೇವೆ ಎಂದು ನನಗೆ ಅವತ್ತು ತಿಳಿಯಿತು.

ಪುರಾಣ ದೂರದ್ದಾಯಿತು ಅಂದರೆ ನಮ್ಮ ನದಿ ದಂಡೆಯನ್ನೇ ನೋಡಿ. ಪತ್ರಿಕೆಯವರು ‘ಭೀಮಾ ತೀರ’ ಎಂದು ಬರೆದರೆ ಸಾಕು, ಮುಂದಿನ ಮಾತು ‘ಹಂತಕರು’ ಎಂದೇ ಇರುತ್ತದೆ. ಇಂಥ ಹೆಸರು ಹೊತ್ತುಕೊಂಡು ಬದುಕುವುದು ಎಷ್ಟು ಕಷ್ಟ ಎಂದು ನಮ್ಮ ಮಕ್ಕಳಿಗೆ ಹೆಣ್ಣು ಕೇಳಲು ಹೋದಾಗ ಗೊತ್ತಾಗುತ್ತದೆ. ಎರಡು ಮನೆತನಗಳ ನಡುವಿನ ಹಗೆ ಅಪ್ಪಂದಿರಿಂದ ಮಕ್ಕಳಿಗೆ ಬಂತು. 2017ರ ಅಕ್ಟೋಬರ್ ಕೊನೆಯಲ್ಲಿ ಒಂದು ಮನೆತನದ ಯುವಕ ಪೊಲೀಸರ ಗುಂಡಿಗೆ ಸತ್ತ. ಎನ್‌ಕೌಂಟರ್ ಅಂದರು. ಅದೇ ಹೊತ್ತಿಗೆ ಅವನ ಸಹೋದರ ಕಾಣೆಯಾದ. ಆಗಲೂ ‘ಪೀಡೆ ತೊಲಗಿತು’ ಎಂದವರಿದ್ದರು. ಮರುವರ್ಷ ಸಿಐಡಿ ತನಿಖೆಯಲ್ಲಿ ಪೊಲೀಸರೇ ಬಂಧನಕ್ಕೆ ಒಳಗಾದರು. ಆ ಸಹೋದರನನ್ನು ವೈರಿಗಳ ಕೈಗೆ ಒಪ್ಪಿಸಿದರು ಎಂಬ ಆರೋಪ ಅವರ ಮೇಲೆ ಬಂತು. 2020ರ ನವೆಂಬರಿನಲ್ಲಿ ಎದುರು ಬಣದ ಮುಖಂಡನ ಕಾರಿನ ಮೇಲೆ ಹಾಡಹಗಲೇ ದಾಳಿ ನಡೆಯಿತು. ಅವನು ಬದುಕಿಕೊಂಡ. ಜೊತೆಗಿದ್ದವರ ಜೀವ ಹೋಯಿತು.

ಜೊತೆಗಿದ್ದವರು. ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲಿ. ಪ್ರತಿ ಸೇಡಿನಲ್ಲೂ ಹೀಗೆ ಒಬ್ಬ ಜೊತೆಗಿದ್ದವನು ಇರುತ್ತಾನೆ. ಯಾರದೋ ಹಳೇ ಲೆಕ್ಕಕ್ಕೆ ಅವನ ಮನೆಯ ದೀಪ ಆರುತ್ತದೆ. ಅವನಿಗೂ ತಮ್ಮ ಇರುತ್ತಾನೆ, ಆ ತಮ್ಮನಿಗೂ ಒಬ್ಬ ಕಾಕಾ ಇರುತ್ತಾನೆ.

ಹಾಗಾದರೆ ಸೇಡು ಯಾವತ್ತೂ ಸರಿಯಲ್ಲವಾ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ನಾಗಪುರದ ಹೆಣ್ಣುಮಕ್ಕಳ ವಿಷಯ ಬಂದಾಗಲೆಲ್ಲ ನನ್ನ ಬಾಯಿ ಕಟ್ಟುತ್ತದೆ. 2004ರ ಆಗಸ್ಟ್ 13. ಅಲ್ಲಿನ ಕಸ್ತೂರಬಾ ನಗರ ಎಂಬ ಬಡವರ ಓಣಿಯ ಹೆಂಗಸರು ಕೋರ್ಟಿನ ಒಳಗೇ ನುಗ್ಗಿ ಅಕ್ಕು ಯಾದವ್ ಎಂಬ ರೌಡಿಯನ್ನು ಕೊಂದರು. ಖಾರದಪುಡಿ ಎರಚಿದರು, ಅಡುಗೆಮನೆಯ ಚಾಕುಗಳಲ್ಲಿ ಇರಿದರು. ಅವನು ವರ್ಷಗಟ್ಟಲೆ ಆ ಓಣಿಯ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದ, ಕೊಲೆ ಮಾಡಿದ, ಸುಲಿಗೆ ಮಾಡಿದ ಎಂದು ಅವರ ದೂರು. ಪೊಲೀಸರ ಹತ್ತಿರ ಹೋದರೆ ಸುದ್ದಿ ಅವನಿಗೇ ಮುಟ್ಟುತ್ತಿತ್ತು ಎಂದರು. ಅವತ್ತು ಅವನಿಗೆ ಜಾಮೀನು ಸಿಕ್ಕಿಬಿಡುತ್ತದೆ ಎಂಬ ಭಯ ಅವರಿಗಿತ್ತು. ಕೊಂದ ಮೇಲೆ ‘ನಮ್ಮನ್ನೆಲ್ಲ ಬಂಧಿಸಿ’ ಎಂದು ನಿಂತರು. ಹತ್ತು ವರ್ಷದ ನಂತರ, 2014ರಲ್ಲಿ, ಆರೋಪಿಗಳೆಲ್ಲ ಸಾಕ್ಷ್ಯ ಸಾಲದೆ ಬಿಡುಗಡೆಯಾದರು.

ಆ ಹೆಂಗಸರನ್ನು ಪಾಪಿಗಳು ಎಂದು ನಾನು ಕರೆಯಲಾರೆ. ನನ್ನ ಮಗಳು ಆ ಓಣಿಯಲ್ಲಿದ್ದಿದ್ದರೆ ನಾನೂ ಚಾಕು ಹಿಡಿಯುತ್ತಿದ್ದೆನೇನೋ. ಆದರೆ ಅವರು ಮಾಡಿದ್ದನ್ನು ಹಳೇ ಲೆಕ್ಕ ತೀರಿಸಿದ್ದು ಎಂದು ಮಾತ್ರ ನೋಡಿದರೆ ತಪ್ಪಾಗುತ್ತದೆ. ನಾಳೆ ಅವನು ಮತ್ತೆ ಓಣಿಗೆ ಬರುತ್ತಾನೆ ಅನ್ನುವ ಭಯ ಅದರಲ್ಲಿ ಜಾಸ್ತಿ ಇತ್ತು. ಮೈಮೇಲೆ ಬಂದವನಿಂದ ಜೀವ ಉಳಿಸಿಕೊಳ್ಳಲು ಹೊಡೆಯುವ ಹಕ್ಕನ್ನು ನಮ್ಮ ಕಾನೂನೇ ಕೊಟ್ಟಿದೆ. ಅವರು ಆ ಗೆರೆಯ ಅಂಚಿನಲ್ಲಿ ನಿಂತಿದ್ದರು. ಆ ಅಂಚಿಗೆ ಅವರನ್ನು ತಳ್ಳಿದವರು ಯಾರು? ದೂರು ಬರೆದುಕೊಳ್ಳದೆ ವಾಪಸ್ ಕಳಿಸಿದ ವ್ಯವಸ್ಥೆ. ಕಾನೂನು ಪೂರ್ತಿ ಕೈಬಿಟ್ಟ ಜಾಗದಲ್ಲಿ ನೊಂದವಳು ಕೈ ಎತ್ತಿದರೆ ನಾನು ಅವಳ ಪಕ್ಕ ಕೂತು ಅಳಬಲ್ಲೆ. ಆದರೆ ಅದೇ ಕಾನೂನಿನ ಸಮವಸ್ತ್ರ ಹಾಕಿದವರು, ಸಂಬಳ ಪಡೆಯುವವರು, ಕೈದಿ ತಮ್ಮ ವಶದಲ್ಲಿರುವಾಗ ಕೊಲ್ಲಲಿ ಎಂದು ನಾವು ಬಯಸುವುದು ಬೇರೆಯೇ ಮಾತು. ಆ ಹೆಂಗಸರಿಗೆ ಬೇರೆ ದಾರಿ ಕಾಣಲಿಲ್ಲ. ಸರ್ಕಾರಕ್ಕೆ ಠಾಣೆ ಇದೆ, ಕೋರ್ಟಿದೆ, ಜೈಲಿದೆ.

ಇನ್ನೊಂದು ಭಯವೂ ಇದೆ. ನಾವು ಸೇಡು ತೀರಿಸಿಕೊಂಡವನು ನಿಜವಾಗಿ ತಪ್ಪು ಮಾಡಿದವನೇ ಆಗಿರುತ್ತಾನಾ?

2017ರ ಸೆಪ್ಟೆಂಬರಿನಲ್ಲಿ ದೆಹಲಿ ಪಕ್ಕದ ಗುರುಗ್ರಾಮದ ಒಂದು ಶಾಲೆಯಲ್ಲಿ ಏಳು ವರ್ಷದ ಹುಡುಗನ ಕತ್ತು ಕೊಯ್ದು ಕೊಂದರು. ಪೊಲೀಸರು ಅದೇ ದಿನ ಶಾಲೆಯ ಬಸ್ಸಿನ ಕಂಡಕ್ಟರನನ್ನು ಹಿಡಿದರು. ಅವನು ಒಪ್ಪಿಕೊಂಡ ಎಂದೂ ಹೇಳಿದರು. ಇಡೀ ದೇಶ ಅವನನ್ನು ನೇಣಿಗೆ ಹಾಕಿ ಎಂದಿತು. ಎರಡು ತಿಂಗಳಾದ ಮೇಲೆ ಸಿಬಿಐ ಅದೇ ಶಾಲೆಯ ಒಬ್ಬ ವಿದ್ಯಾರ್ಥಿಯನ್ನು ಹಿಡಿಯಿತು. ಕಂಡಕ್ಟರನನ್ನು ಮರುವರ್ಷ ಕೋರ್ಟು ಆರೋಪದಿಂದ ಬಿಡಿಸಿತು. ಮೊದಲ ದಿನವೇ ಅವನ ‘ಎನ್‌ಕೌಂಟರ್’ ಆಗಿದ್ದರೆ? ಅವನ ಹೆಂಡತಿ ಮಕ್ಕಳು ಕೊಲೆಗಡುಕನ ಮನೆಯವರಾಗಿಯೇ ಉಳಿಯುತ್ತಿದ್ದರು. ಸತ್ತ ಹುಡುಗನ ಅಪ್ಪ ಅಮ್ಮನಿಗೆ ನಿಜ ಏನೆಂದು ಹುಡುಕುವ ದಾರಿಯೇ ಮುಚ್ಚಿಹೋಗುತ್ತಿತ್ತು.

ನಮ್ಮಲ್ಲೇ ನೋಡಿ. ಹುಬ್ಬಳ್ಳಿಯ ಸುದ್ದಿ ಬಂದ ಅದೇ 2025ರ ಏಪ್ರಿಲ್. ಕುಶಾಲನಗರ ಕಡೆಯ ಒಬ್ಬ ಆದಿವಾಸಿಯ ಮೇಲೆ ಹೆಂಡತಿಯನ್ನು ಕೊಂದ ಆರೋಪ ಇತ್ತು. ಎಲ್ಲೋ ಸಿಕ್ಕ ಅಸ್ಥಿಪಂಜರವನ್ನು ಅವಳದೇ ಎಂದು ಹೇಳಿ ಕೇಸು ಹಾಕಿದ್ದರು. ಅವನು ಜೈಲಿನಲ್ಲಿ ಕೊಳೆತು ಬಂದಿದ್ದ. ಆ ತಿಂಗಳು ಅವನ ಹೆಂಡತಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು. ಮೈಸೂರಿನ ಕೋರ್ಟು ಅವನನ್ನು ದೋಷಮುಕ್ತ ಮಾಡಿತು. ಅವನಿಗಾಗಿ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಒಂದು ಮಾತು ಬರೆಯಲಿಲ್ಲ. ಅವನು ಜೀವಂತ ಇದ್ದ, ಅದಕ್ಕೇ ತೀರ್ಪು ಕೇಳಿಸಿಕೊಂಡ.

ಹೈದರಾಬಾದಿನದು ಎಲ್ಲರಿಗೂ ನೆನಪಿರುತ್ತದೆ. 2019ರ ನವೆಂಬರಿನಲ್ಲಿ ಶಂಶಾಬಾದ್ ಹತ್ತಿರ ಒಬ್ಬ ಯುವ ಪಶುವೈದ್ಯೆಯನ್ನು ಅತ್ಯಾಚಾರ ಮಾಡಿ ಸುಟ್ಟರು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವು ಎರಚಿದರು. ಅಲ್ಲಿ ಪೊಲೀಸ್ ಕಮಿಷನರ್ ಆಗಿದ್ದವರು ನಮ್ಮ ಹುಬ್ಬಳ್ಳಿಯವರು ಎಂದು ಇಲ್ಲಿಯೂ ಸಿಹಿ ಹಂಚಿದವರಿದ್ದರು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಕೇಸು ನಡೆಯಬೇಕು ಎಂದಿತು. ಸತ್ತವರಲ್ಲಿ ಮೂವರು ಆಗ ಹದಿನೆಂಟು ತುಂಬದವರು ಎಂದೂ ಹೇಳಿತು. ಆ ವರದಿಯ ಸುದ್ದಿ ನಮ್ಮ ಊರಿಗೆ ಬರಲೇ ಇಲ್ಲ. ಹೂವಿನ ಫೋಟೋ ಮಾತ್ರ ಇವತ್ತಿಗೂ ಓಡಾಡುತ್ತದೆ.

ಆ ಹುಡುಗಿಯ ವಿಷಯ ಯೋಚಿಸಿದಾಗ ನನಗೆ ಒಂದೇ ಸಂಕಟ. ಅವಳ ಕೇಸು ನಡೆಯಲೇ ಇಲ್ಲ. ಅವಳಿಗೆ ಏನಾಯಿತು, ಯಾರು ಯಾರು ಏನೇನು ಮಾಡಿದರು ಎಂದು ಯಾವ ಕೋರ್ಟೂ ಸಾಕ್ಷಿ ಕೇಳಿ ತೀರ್ಪು ಬರೆಯಲಿಲ್ಲ. ಕಡತದಲ್ಲಿ ಅವಳ ಕಥೆಯ ಜಾಗದಲ್ಲಿ ಪೊಲೀಸರ ಗುಂಡಿನ ಕಥೆ ಬಂದು ಕೂತಿತು.

ಇದು ಯಾಕೆ ಇಷ್ಟು ದೊಡ್ಡ ವಿಷಯ ಎಂದು ಕೋರ್ಟಿನ ಕಟ್ಟೆ ಸವೆಸದವರಿಗೆ ತಿಳಿಯುವುದು ಕಷ್ಟ. ಅದಕ್ಕೆ ನಮ್ಮ ಕೇಸಿನ ಮಾತು ಹೇಳುತ್ತೇನೆ.

ಅಣ್ಣನ ಕೇಸು ಒಂಬತ್ತು ವರ್ಷ ನಡೆಯಿತು. ತಾರೀಖು ಇದ್ದ ದಿನ ಬೆಳಿಗ್ಗೆ ಆರಕ್ಕೆ ಮೊದಲ ಬಸ್ಸು. ಹೋದರೆ ಜಡ್ಜ್ ರಜೆ. ಇಲ್ಲ, ಅವರ ವಕೀಲರಿಗೆ ಹುಷಾರಿಲ್ಲ. ಇಲ್ಲ, ಸಮನ್ಸ್ ಮುಟ್ಟಿಲ್ಲ. ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆದು ಕೊಡಲೂ ಒಬ್ಬರು ಇರಲಿಲ್ಲ. ಆರೋಪಿಗಳು ಜಾಮೀನಿನ ಮೇಲೆ ಹೊರಗಿದ್ದರು. ಕೋರ್ಟಿನ ಪಡಸಾಲೆಯಲ್ಲಿ ಇದ್ದದ್ದು ಒಂದೇ ಉದ್ದನೆಯ ಬೆಂಚು. ಅದರ ಒಂದು ತುದಿಗೆ ನಾವು, ಇನ್ನೊಂದು ತುದಿಗೆ ಅವರು. ಅವರ ತಾಯಿ ಮಗನಿಗೆ ಬುತ್ತಿ ಬಿಚ್ಚಿ ಕೊಡುತ್ತಿದ್ದಳು. ಅವ್ವ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ನೋಡಿದ್ದೇವೆ ಎಂದು ಮೊದಲು ಹೇಳಿದ್ದ ಇಬ್ಬರು ಸಾಕ್ಷಿಗಳು ಕಟಕಟೆಯಲ್ಲಿ ‘ನಮಗೇನೂ ಗೊತ್ತಿಲ್ಲ’ ಎಂದರು. ಅವರನ್ನು ನಾನು ಬೈಯಲಾರೆ. ಅವರಿಗೂ ಮಕ್ಕಳಿದ್ದರು, ಅದೇ ಊರಲ್ಲಿ ಬಾಳಬೇಕಿತ್ತು. ಆ ವರ್ಷಗಳಲ್ಲಿ ಕಾಕಾನ ಟವೆಲಿನ ಗಂಟು ನನಗೆ ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ. ಸೇಡು ಹುಟ್ಟುವುದು ಕೊಲೆಯಾದ ದಿನ ಇರಬಹುದು. ಅದನ್ನು ಹಾಲು ಹಾಕಿ ಸಾಕುವುದು ಈ ಬೆಂಚು.

ನನ್ನ ಸಾಕ್ಷಿ ಅಂಗಿಯ ಬಗ್ಗೆ ಇತ್ತು. ಖಾಕಿ ಕಾಗದದ ಕಟ್ಟು ಬಿಚ್ಚಿ, ಮುದ್ದೆಮಾಲು, ಅಂದರೆ ಕೇಸಿನಲ್ಲಿ ಸಾಕ್ಷ್ಯಕ್ಕೆಂದು ಇಟ್ಟ ವಸ್ತು, ಅದರ ನಂಬರ್ ಹೇಳಿ, ಅಂಗಿಯನ್ನು ನನ್ನ ಮುಂದೆ ಹಿಡಿದರು. ಹೀಗೆ ತೋರಿಸುತ್ತಾರೆ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ತಿಳಿನೀಲಿ ಅಂಗಿ, ದೀಪಾವಳಿಗೆ ನಾನೇ ಹೊಲಿದು ಕೊಟ್ಟದ್ದು. ರಕ್ತ ಒಣಗಿ ಬಟ್ಟೆ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ‘ಇದು ನಿಮ್ಮ ಅಣ್ಣನದೇ ಅಂತ ಹೇಗೆ ಹೇಳುತ್ತೀರಿ’ ಎಂದು ಅವರ ವಕೀಲರು ಪಾಟೀಸವಾಲಿನಲ್ಲಿ ಕೇಳಿದರು. ಮೂರನೇ ಗುಂಡಿ ನೋಡಿ ಎಂದೆ. ನೀಲಿ ದಾರ ಮುಗಿದಿತ್ತು, ಕಪ್ಪು ದಾರದಲ್ಲಿ ಹಚ್ಚಿದ್ದೆ. ಜಡ್ಜ್ ಅಂಗಿಯನ್ನು ಹತ್ತಿರ ತರಿಸಿಕೊಂಡು ನೋಡಿದರು. ಹೌದು, ಕಪ್ಪು ದಾರ ಇದೆ ಎಂದು ಟೈಪ್ ಮಾಡಿಸಿದರು. ಆ ಟೈಪಿನ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

ಅವತ್ತು ಮಧ್ಯಾಹ್ನ ಅವ್ವನ ಸಾಕ್ಷಿ. ಅವಳಿಗೆ ಕಾಲು ನಡುಗುತ್ತಿತ್ತು. ಜಡ್ಜ್ ನೋಡಿದರು. ಕುರ್ಚಿ ತರಿಸಿ ಕೂರಿಸಿದರು. ನೀರು ಕೊಡಿಸಿದರು. ‘ತಾಯಿ, ನಿಧಾನಕ್ಕೆ ಹೇಳ್ರಿ, ನಾನು ಕೇಳ್ತೀನಿ’ ಎಂದರು. ಐದು ವರ್ಷದಲ್ಲಿ ಸರ್ಕಾರದ ಕಡೆಯ ಒಬ್ಬ ಮನುಷ್ಯ ಅವ್ವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವ್ವ ರೊಟ್ಟಿಯಿಂದ ಶುರು ಮಾಡಿದಳು. ಅರ್ಧ ರೊಟ್ಟಿ ಬಿಟ್ಟು ಎದ್ದ, ಬಂದು ಉಣ್ತೀನಿ ಅಂದ. ಅದು ಕೇಸಿಗೆ ಬೇಕಾದ ಮಾತಲ್ಲ. ಆದರೂ ಜಡ್ಜ್ ತಡೆಯಲಿಲ್ಲ, ಬರೆಸಿಕೊಂಡರು. ಅವನನ್ನು ಕಡಿದವರು ಯಾರು ಎಂದು ಕೇಳಿದಾಗ ಅವ್ವ ಎದ್ದು ನಿಂತಳು. ಬೆರಳು ತೋರಿಸಿ ಹೆಸರು ಹೇಳಿದಳು. ಊರವರ ಮುಂದೆ, ಅವನ ತಾಯಿಯ ಮುಂದೆ, ಅವನ ಮುಂದೆ. ಅವನು ತಲೆ ತಗ್ಗಿಸಿದ.

ಸಂಜೆ ಮನೆಗೆ ಬಂದೆವು. ಅವ್ವ ಸೀರೆ ಕೂಡ ಬದಲಿಸಲಿಲ್ಲ. ಮಾಡದಿಂದ ಗಂಗಾಳ ಇಳಿಸಿದಳು. ಬೂದಿ ಹಾಕಿ ತಿಕ್ಕತೊಡಗಿದಳು. ಕಲೆ ಬಿಡಲು ಬಹಳ ಹೊತ್ತು ಹಿಡಿಯಿತು. ನಾನು ತಿಕ್ಕುತ್ತೇನೆ ಕೊಡು ಅಂದರೆ ಕೊಡಲಿಲ್ಲ.

ತೀರ್ಪು ಬರಲು ಇನ್ನೂ ನಾಲ್ಕು ವರ್ಷ ಇತ್ತು. ಒಬ್ಬನಿಗೆ ಜೀವಾವಧಿ ಆಯಿತು, ಇಬ್ಬರು ಬಿಡುಗಡೆಯಾದರು. ತೀರ್ಪಿನ ದಿನ ಅವ್ವ ಹೆಚ್ಚೇನೂ ಮಾತಾಡಲಿಲ್ಲ. ನನಗನ್ನಿಸುವುದು, ಅವಳಿಗೆ ಬೇಕಾದ ಸೇಡು ಆ ಕುರ್ಚಿಯ ದಿನವೇ ತೀರಿತ್ತು. ತಪ್ಪು ಮಾಡಿದವನು ಬದುಕಿದ್ದ. ಅದಕ್ಕೇ ಅವಳು ಅವನ ಕಡೆ ಬೆರಳು ತೋರಿಸಲು ಆಯಿತು. ಸತ್ತ ಹೆಣಕ್ಕೆ ಬೆರಳು ತೋರಿಸಿ ಏನು ಮಾಡುವುದು?

ಸಚಿವರೇ, ನಾನು ಕೇಳುವುದರಲ್ಲಿ ಹೊಸದೇನೂ ಇಲ್ಲ. ಬಹಳಷ್ಟು ಈಗಾಗಲೇ ಪುಸ್ತಕದಲ್ಲಿದೆ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ವರದಿ ಕೊಟ್ಟಿತು. ಅಪರಾಧದಿಂದ ನೊಂದವರನ್ನು ಕೋರ್ಟಿನಲ್ಲಿ ಸುಮ್ನೆ ಸಾಕ್ಷಿಯಾಗಿ ನಿಲ್ಲಿಸಿದರೆ ಸಾಲದು, ಕೇಸಿನಲ್ಲಿ ಅವರಿಗೂ ಪಾಲು ಇರಬೇಕು ಎಂದಿತು. ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿಗೆ ಕೊಟ್ಟಿತು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನಿನಲ್ಲಿ ತನಿಖೆ ಎಲ್ಲಿಗೆ ಬಂತು ಎಂದು ನೊಂದವರಿಗೆ 90 ದಿನದೊಳಗೆ ಪೊಲೀಸರೇ ತಿಳಿಸಬೇಕು ಎಂದಿದೆ. ಆರೋಪಿ ಬಿಡುಗಡೆಯಾದರೆ ನೊಂದವರೇ ಮೇಲ್ಮನವಿ ಹಾಕಬಹುದು ಎಂಬ ಹಕ್ಕು 2009ರ ಕೊನೆಯಿಂದ ಇದೆ. ಅದಕ್ಕೆ ಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಒಂದು ಕೇಸಿನಲ್ಲಿ. ಇಬ್ಬರು ಬಿಡುಗಡೆಯಾದಾಗ ನಮಗೆ ಈ ಹಕ್ಕು ಇದೆ ಎಂದು ಒಬ್ಬರೂ ಹೇಳಲಿಲ್ಲ. ತಿಳಿಯುವ ಹೊತ್ತಿಗೆ ಅವಧಿ ಮುಗಿದಿತ್ತು. ನೊಂದವರಿಗೆ ಪರಿಹಾರ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2011ರಲ್ಲೇ ಬಂದಿದೆ. ಅದರ ಹೆಸರನ್ನು ಅವ್ವ ಮೊದಲು ಕೇಳಿದ್ದು ನನ್ನ ಬಾಯಿಂದ, ತೀರ್ಪು ಬಂದು ಎಷ್ಟೋ ದಿನ ಆದ ಮೇಲೆ.

ಆದ್ದರಿಂದ ಕೊಲೆ, ಅತ್ಯಾಚಾರದ ಪ್ರತಿ ಕೇಸಿನಲ್ಲೂ ಆ ಮನೆಯವರ ಜೊತೆ ಮಾತಾಡಲೆಂದೇ ಒಬ್ಬರನ್ನು ಇಡಿ. ತಾರೀಖು ತಿಳಿಸಲು, ಮುದ್ದೆಮಾಲು ತೋರಿಸುವ ಮುಂಚೆ ಎಚ್ಚರಿಸಲು, ಮೇಲ್ಮನವಿಯ ಅವಧಿ ಹೇಳಲು. ಸರ್ಕಾರಿ ವಕೀಲರು ಸಾಕ್ಷಿಯ ಹಿಂದಿನ ದಿನವಾದರೂ ಮನೆಯವರನ್ನು ಕಂಡು ಮಾತಾಡಲಿ. ಕೋರ್ಟಿನ ಪಡಸಾಲೆಯಲ್ಲಿ ಎರಡು ಬೆಂಚು ಹಾಕಿಸಿ, ದೂರ ದೂರ. ಇದಕ್ಕೆ ಎಷ್ಟು ದುಡ್ಡು ಬೇಕು?

ಮತ್ತೆ ಒಂದು ಮಾತು. ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು, ಸಂಬಂಧವಿಲ್ಲದ ಬೇರೆ ತಂಡ ತನಿಖೆ ಮಾಡಬೇಕು, ಗುಂಡು ಹಾರಿಸಿದವರಿಗೆ ಕೂಡಲೇ ಬಡ್ತಿ, ಶೌರ್ಯದ ಬಹುಮಾನ ಕೊಡಕೂಡದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ. ಇಂಥ ಸಾವುಗಳಾದಾಗ ನಿಮ್ಮ ಪಕ್ಷದವರಾಗಲಿ, ಎದುರು ಪಕ್ಷದವರಾಗಲಿ ಕ್ಯಾಮೆರಾ ಮುಂದೆ ನಿಂತು ‘ನೊಂದ ಕುಟುಂಬಕ್ಕೆ ನ್ಯಾಯ ಸಿಕ್ಕಿತು’ ಎಂದು ಹೇಳುವುದನ್ನು ನಿಲ್ಲಿಸಲಿ. ನೊಂದ ಕುಟುಂಬಗಳ ಪೈಕಿ ನಾನೊಬ್ಬಳು ಹೇಳುತ್ತಿದ್ದೇನೆ, ಹಾಗೆ ಹೇಳುವ ಅಧಿಕಾರವನ್ನು ನಾವು ಯಾರಿಗೂ ಕೊಟ್ಟಿಲ್ಲ.

ನನ್ನ ಜನರೇ, ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ಯಾರದೋ ಕೂಸಿಗಾಗಿ ನಿಮ್ಮ ಹೊಟ್ಟೆ ಉರಿಯಿತು, ಅದಕ್ಕೇ ಕೂಗಿದಿರಿ. ಆ ಉರಿ ಒಂದು ಸಂಜೆಗೆ ಆರಿಹೋಗುವುದು ಬೇಡ. ನಿಮ್ಮ ಊರಲ್ಲೂ ತಾರೀಖಿಗೆ ಒಬ್ಬರೇ ಹೋಗಿ ಬರುವ ಒಬ್ಬ ತಾಯಿ ಇರುತ್ತಾಳೆ. ಎನ್‌ಕೌಂಟರ್ ಆದ ದಿನ ಚಪ್ಪಾಳೆ ಹಾಕಿದ ನೂರು ಜನರಲ್ಲಿ ಇಬ್ಬರು ಅವಳ ಜೊತೆ ಬಸ್ಸು ಹತ್ತಿದರೆ ಸಾಕ್ಷಿಗಳಿಗೂ ಧೈರ್ಯ ಬರುತ್ತದೆ.

ನಮ್ಮ ಪಕ್ಕದ ಊರಲ್ಲಿ ಈಗ ಅಂಥ ಒಂದು ಮನೆ ಇದೆ. ಸತ್ತವಳು ಮಗಳು. ಅವಳ ಅಪ್ಪ ಕೂಲಿ ಬಿಟ್ಟು ತಾರೀಖಿಗೆ ಓಡಾಡುತ್ತಾನೆ. ‘ಅಕ್ಕಾ, ನೀವಾದ್ರೂ ಹೇಳ್ರಿ, ನಾ ಏನ್ ಮಾಡ್ಲಿ’ ಎಂದು ಹೋದ ವಾರ ಕೇಳಿದ. ಅವನ ದನಿಯಲ್ಲಿ ಏನಿತ್ತು ಎಂದು ನನಗೆ ತಿಳಿಯಿತು. ಈ ಸೋಮವಾರ ಅವನ ಹೆಂಡತಿಯ ಸಾಕ್ಷಿ ಇದೆ. ಬೆಳಿಗ್ಗೆ ಆರರ ಬಸ್ಸಿಗೆ ನಾನೂ ಅವರ ಜೊತೆ ಹೋಗುತ್ತಿದ್ದೇನೆ. ಅವ್ವ ನಾಲ್ವರಿಗೆ ಆಗುವಷ್ಟು ರೊಟ್ಟಿ ಕಟ್ಟಿಕೊಡುತ್ತೇನೆ ಎಂದಿದ್ದಾಳೆ.

ಇಂತಿ,
ಭೀಮಾ ದಂಡೆಯ ಒಬ್ಬ ತಂಗಿ